ಆಯುಷ್ಯವಿಲ್ಲದ ಸುದ್ದಿ

ನಮ್ಮೂರಿನ ಓಣಿಗಳು ನಿಂತಲ್ಲಿ ನಿಲ್ಲುವುದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು, ಮೈ ಮುರಿದು, ತಮಗೆ ಬೇಕಾದ ಕಡೆ ಹೋಗಿ ಮಲಗುತ್ತವೆ. ಮನೆಗಳೂ ಅವುಗಳ ಬೆನ್ನು ಹತ್ತಿ ಹೋಗುತ್ತವೆ. ಬೆಳಿಗ್ಗೆ ಕಿಟಕಿ ತೆಗೆದರೆ ಎದುರಿಗೆ ಯಾರ ಮನೆ ಇರುತ್ತದೆಂದು ಹೇಳಬಲ್ಲವರು ಯಾರೂ ಇಲ್ಲ. ನಿನ್ನೆ ಜಗಳಕ್ಕೆ ಬಿದ್ದ ನೆರೆಯವಳು ಇವತ್ತು ಊರಿನ ಇನ್ನಾವುದೋ ತುದಿಗೆ ಹೋಗಿ ಕೂತಿರುತ್ತಾಳೆ, ಆಡಬೇಕೆಂದಿದ್ದ ಒಳ್ಳೊಳ್ಳೆಯ ಬೈಗುಳಗಳೆಲ್ಲ ನಮ್ಮ ಬಾಯಲ್ಲೇ ಉಳಿದುಬಿಡುತ್ತವೆ. ಒಂದೇ ಗೋಡೆ ಹಂಚಿಕೊಂಡ ಮನೆಗಳು ಮಾತ್ರ ಬಿಟ್ಟಗಲುವುದಿಲ್ಲ. ನನಗೂ ದ್ರಾಕ್ಷಾಯಣಿಗೂ ನಂಟು ಬೆಳೆದದ್ದು ಹಾಗೆ. ನಡುವೆ ಒಂದು ಮಣ್ಣಿನ ಗೋಡೆ, ಅದರಲ್ಲೊಂದು ತಗ್ಗು ಬಾಗಿಲು. ಊರವರ ಬಾಯಲ್ಲಿ ಅವಳದು ಎರಡು ಕದದ ಮನೆ.

ಓಣಿ ಏಳುವಾಗ ಮನೆಯೊಳಗಿದ್ದವರಿಗೆ ಏನೂ ಆಗುವುದಿಲ್ಲ. ತಲೆ ಒಂದಿಷ್ಟು ತಿರುಗಿದಂತಾಗುತ್ತದೆ, ಗಡಿಗೆಯ ನೀರು ಅಲುಗುತ್ತದೆ, ಅಷ್ಟೆ. ಓಣಿಯಲ್ಲಿದ್ದವರು ಓಣಿಯ ಜೊತೆಗೇ ಹೋಗುತ್ತಾರೆ. ಎಲ್ಲಿಗೆಂದು ವಾಪಸ್ ಬಂದು ಹೇಳಿದವರಿಲ್ಲ. ದ್ರಾಕ್ಷಾಯಣಿಯ ಗಂಡ ಅಡಿವೆಪ್ಪ ಹಾಗೇ ಹೋದ. ಆಗ ಮಗಳು ಸಾವಂತ್ರಿ ತೊಟ್ಟಿಲಲ್ಲಿದ್ದಳು. ಎದುರು ಮನೆಯಿಂದ ಕೊಡಲಿ ಇಸಕೊಂಡು ಬರುತ್ತೇನೆಂದು ಮೆಟ್ಟಿಲಿಳಿದವನು, ಕೊಡಲಿ ಕೈಗೆ ಬಂದ ಮೇಲೂ ಮಾತಿಗೆ ನಿಂತ. ಮಾತಿನ ಮಲ್ಲ ಅವನು. ದೀಪದ ಹೊತ್ತಾದದ್ದು ಅವನಿಗೆ ತಿಳಿಯಲೇ ಇಲ್ಲ.

ಒಂದು ಜೀವ ಹೋದರೆ ಆ ಮನೆಯವರು ಹಗಲಲ್ಲೇ ಕಿಟಕಿ ಮುಚ್ಚಬೇಕು. ಮುಚ್ಚಿದ್ದು ಕಂಡ ಎದುರು ಮನೆಯವರು ತಾವೂ ಮುಚ್ಚುತ್ತಾರೆ, ಅವರದನ್ನು ಕಂಡವರು ತಾವೂ. ಹೀಗೆ ಒಂದು ಮಾತೂ ಇಲ್ಲದೆ ಇಡೀ ಊರು ಬಾಯಿ ಮುಚ್ಚುತ್ತದೆ. ಒಂದು ಕೊಡ ನೀರು ತುಂಬುವಷ್ಟು ಹೊತ್ತಾದ ಮೇಲೆ ಎಲ್ಲರೂ ಕಿಟಕಿ ತೆಗೆದು ಸುಮ್ಮನೆ ನಿಲ್ಲುತ್ತಾರೆ, ಸಾವಿನ ಮನೆಯವರು ಹೆಸರು ಹೇಳುತ್ತಾರೆ. ಆ ಹೆಸರನ್ನು ಪ್ರತಿ ಮನೆಯೂ ಒಂದೇ ಒಂದು ಸಲ ದಾಟಿಸುತ್ತದೆ, ಎರಡು ಸಲ ಹೇಳಿದರೆ ಕೆಡುಕು. ಅಡಿವೆಪ್ಪ ಹೋದಾಗ ಹಿರಿಯರೆಲ್ಲ ಹೇಳಿ ನೋಡಿದರು. ದ್ರಾಕ್ಷಾಯಣಿ ಕೇಳಲಿಲ್ಲ. “ಹೆಣ ಯಾರು ನೋಡ್ಯಾರ? ಇಲ್ಲೇ ಎದುರು ಮನಿಗೆ ಹೋಗ್ಯಾನ, ಬರ್ತಾನ,” ಅಂದಳು. ಆರು ವರ್ಷವಾದರೂ, ಬೇರೆಯವರ ಸಾವಿಗೂ ಮುಚ್ಚದೆ, ಅವಳ ಕಿಟಕಿ ತೆರೆದೇ ಇತ್ತು. ದಿನಾ ಸಂಜೆ ಅವನಿಗೊಂದು ತಾಟು ಇಡುತ್ತಿದ್ದಳು. ನಾನು ನೋಡಿಯೂ ನೋಡದಂತೆ ಇದ್ದುಬಿಡುತ್ತಿದ್ದೆ.

ಕಿಟಕಿಗಳ ಕತೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ದಾರಿ ಗೊತ್ತಿಲ್ಲದ ಊರಿನಲ್ಲಿ ನಡೆದು ಹೋಗಿ ಸುದ್ದಿ ಮುಟ್ಟಿಸುವುದು ಆಗದ ಮಾತು. ಕಿಟಕಿಯಿಂದ ಕಿಟಕಿಗೆ ಕೂಗಿ ದಾಟಿಸುವುದೇ ನಮ್ಮ ರೂಢಿ. ನಮ್ಮ ಮುತ್ತಜ್ಜಿಯ ಕಾಲದಲ್ಲಿ ಮೊಟ್ಟಮೊದಲು ಒಬ್ಬಾಕೆ ಎದುರು ಮನೆಗೆ “ಹೆಪ್ಪು ಕೊಡು” ಅಂತ ಕೂಗಿದಳಂತೆ. ಗಾಳಿಗೆ ಕಿಟಕಿ ಬಡಿದುಕೊಂಡು “ಹೆ” ಮಾತ್ರ ಆಚೆ ಮುಟ್ಟಿತಂತೆ. ಅಂದು ಮೊಸರಾಗಲಿಲ್ಲ, ಆದರೆ ಮಾತು ದಾಟಿತು. ಆಮೇಲೆ ಮನೆಯಿಂದ ಮನೆಗೆ, ಓಣಿಯಿಂದ ಓಣಿಗೆ ಕೂಗು ಬೆಳೆಯಿತು. ಉದ್ದ ಸುದ್ದಿಯನ್ನು ನಾಲ್ಕು ಕಿಟಕಿ ದಾಟುವಷ್ಟರಲ್ಲಿ ಜನ ತಮ್ಮ ಉಪ್ಪು ಖಾರ ಹಚ್ಚಿ ಕೆಡಿಸುತ್ತಿದ್ದರು. ಅದಕ್ಕೇ ಸುದ್ದಿಯನ್ನು ತುಂಡು ಮಾಡುವುದು ಬಂತು. ಪ್ರತಿ ತುಂಡಿಗೂ ಹೋಗಬೇಕಾದ ಮನೆಯ ಹೆಸರು, ಎಷ್ಟನೆಯ ತುಂಡು ಎಂಬ ಲೆಕ್ಕ. ಒಂದು ತುಂಡು ಈ ಓಣಿ ಹಿಡಿದು ಹೋದರೆ ಇನ್ನೊಂದು ಆ ಓಣಿ ಹಿಡಿದು ಹೋಗುತ್ತದೆ, ಕೊನೆಗೆ ಎಲ್ಲ ಒಂದೇ ಮನೆಯಲ್ಲಿ ಕೂಡಿಕೊಳ್ಳುತ್ತವೆ. ಬಂದು ಸೇರಿದರೆ ಆ ಮನೆಯವರು “ಮುಟ್ಟಿತು” ಅನ್ನಬೇಕು. “ಮುಟ್ಟಿತು” ವಾಪಸ್ ಬರದಿದ್ದರೆ ಕಳಿಸಿದವರು ಮತ್ತೆ ಕೂಗಬೇಕು.

ಊರಿಗೆಲ್ಲ ಹೇಳುವ ಸುದ್ದಿಯಾದರೆ ಪ್ರತಿ ಮನೆಯೂ ತನ್ನ ಎಲ್ಲ ಕಿಟಕಿಗಳಿಂದ ದಾಟಿಸುತ್ತದೆ. ಇದರಲ್ಲಿ ಹಿಂದೊಮ್ಮೆ ದೊಡ್ಡ ಫಜೀತಿಯಾಗಿತ್ತು. ಯಾರದೋ ಮದುವೆಯ ಕರೆ ಸುತ್ತಿ ಸುತ್ತಿ ಬಂದು, ಆ ಗಂಡ ಹೆಂಡಿರಿಗೆ ಎರಡು ಮಕ್ಕಳಾದ ಮೇಲೂ ಬೀಗರು ಅಕ್ಕಿಕಾಳು ಹಿಡಿದುಕೊಂಡು ಬರುತ್ತಲೇ ಇದ್ದರಂತೆ. ಆವಾಗಿನಿಂದ ಪ್ರತಿ ಸುದ್ದಿಗೂ ಆಯುಷ್ಯ ಕೊಟ್ಟು ಕಳಿಸುತ್ತೇವೆ. ನೂರು ಕಿಟಕಿ ಆಯುಷ್ಯ ಕೊಟ್ಟರೆ ದಾಟಿದ ಪ್ರತಿ ಕಿಟಕಿಗೂ ಒಂದು ಕಳೆಯುತ್ತಾರೆ, ಮುಗಿದಲ್ಲಿ ಸುದ್ದಿ ಸಾಯುತ್ತದೆ. ಇನ್ನೊಂದು ಮಾತು. ಬಡವರದಿರಲಿ, ಬಲ್ಲಿದರದಿರಲಿ, ಜಗಳಗಂಟಿಯದಿರಲಿ, ಬಂದ ತುಂಡನ್ನು ಇದ್ದ ಹಾಗೇ ದಾಟಿಸಬೇಕು. ತಡೆಯುವಂತಿಲ್ಲ, ತಿದ್ದುವಂತಿಲ್ಲ. ಕಿವಿಗೊಟ್ಟು ಚಪ್ಪರಿಸಬಹುದು, ಅದಕ್ಕೆ ಅಡ್ಡಿಯಿಲ್ಲ, ನಾನೂ ಚಪ್ಪರಿಸಿದ್ದೇನೆ.

ಮಕ್ಕಳ ಮಟ್ಟಿಗೆ ಇನ್ನೊಂದು ಪದ್ಧತಿ ಇದೆ. ಪ್ರತಿ ಮನೆಗೂ ಒಂದು ಗುಟ್ಟಿನ ಮಾತು ಇರುತ್ತದೆ, ಮನೀ ಮಾತು ಅನ್ನುತ್ತೇವೆ. ಹೊರಗೆ ಯಾರೇ ಕರೆದರೂ, ಮನೀ ಮಾತು ಹೇಳಿದರೆ ಮಾತ್ರ ಮಕ್ಕಳು ಅವರ ಹತ್ತಿರ ಹೋಗಬೇಕು. ಹೇಳದಿದ್ದರೆ ಕೈಗೆ ಸಿಗದ ಹಾಗೆ ದೂರ ಓಡಬೇಕು. ದ್ರಾಕ್ಷಾಯಣಿ ಇದನ್ನು ಸಾವಂತ್ರಿಗೆ ಊಟಕ್ಕೊಮ್ಮೆ ನಿದ್ದೆಗೊಮ್ಮೆ ಹೇಳಿ ಹೇಳಿ ತಲೆಯಲ್ಲಿ ಕೂರಿಸಿದ್ದಳು. ಅವರ ಮನೀ ಮಾತು ಏನೆಂದು ಗೋಡೆ ಹಂಚಿಕೊಂಡ ನನಗೂ ಗೊತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಇಳಿಯುತ್ತಿತ್ತು. ನಾನು ಶೇಂಗಾ ಸುಲಿಯುತ್ತಾ ಕೂತಿದ್ದೆ. ತಗ್ಗು ಬಾಗಿಲಿಗೆ ಹಣೆ ಬಡಿಸಿಕೊಂಡು ದ್ರಾಕ್ಷಾಯಣಿ ನುಗ್ಗಿ ಬಂದಳು.

“ಶಂಕ್ರಕ್ಕಾ, ಸಾವಂತ್ರಿ ನಿಮ್ಮಲ್ಲಿ ಅದಾಳೇನು?”

“ಇಲ್ಲಲ್ಲ. ಬಳೆಗಾರ ಬಂದಾಗ ಕಟ್ಟಿ ಮ್ಯಾಲ ಕುಂತಿದ್ಲು.”

“ಬಳೆಗಾರ ಹೋಗಿ ಎಷ್ಟೊತ್ತಾತು!”

ಇಬ್ಬರೂ ಹೊರಗೆ ಬಂದು ನೋಡಿದೆವು. ಕಟ್ಟೆಯ ಮೇಲೆ ಒಡೆದ ಹಸಿರು ಬಳೆಯ ಚೂರು ಬಿದ್ದಿತ್ತು. ಬಳೆಗಾರನ ಬುಟ್ಟಿಯ ಬೆನ್ನು ಹತ್ತಿ ಹೋಗಿದ್ದಾಳೆ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ದ್ರಾಕ್ಷಾಯಣಿ ಓಣಿಯ ತುದಿಯವರೆಗೆ ಓಡಿ ನಿಂತಳು. ಅಲ್ಲಿಂದ ನಾಲ್ಕು ದಾರಿ ಕವಲೊಡೆದಿದ್ದವು. ಯಾವುದು ಹಿಡಿದರೂ ಮನೆಯ ಕಿಟಕಿ ಬಿಟ್ಟು ಹೋದಂತೆ, ಉತ್ತರ ಬಂದರೆ ಕೇಳುವವರಿಲ್ಲ. ನಾನೇ ರಟ್ಟೆ ಹಿಡಿದು ಅವಳ ಮನೆಯ ಕಿಟಕಿಗೆ ತಂದು ನಿಲ್ಲಿಸಿದೆ.

“ಊರಿಗೆಲ್ಲ ಕೂಗೂಣು. ಆಯುಷ್ಯ ಎಷ್ಟು ಕೊಡ್ತಿ?” ಅಂದೆ.

“ಆಯುಷ್ಯ ಬ್ಯಾಡ.”

“ಬ್ಯಾಡ ಅಂದ್ರ ಹೆಂಗವಾ?”

“ಊರು ಎಷ್ಟು ದೊಡ್ಡದೈತಿ ಯಾರಿಗೆ ಗೊತ್ತೈತಿ ಅಕ್ಕಾ? ಅಕಿ ಇದ್ದ ಕಿಡಕಿಗಿಂತ ಒಂದ ಕಿಡಕಿ ಹಿಂದ ಮುಗದು ಹೋತಂದ್ರ? ಸಾಯೋ ಸುದ್ದಿ ನಾ ಕಳಸಂಗಿಲ್ಲ. ಹಂಗ ಬಿಡು.”

ಬೇಡ ಅನ್ನಬೇಕಿತ್ತು. ಆ ಮುಖ ನೋಡಿ ಅನ್ನುವ ಧೈರ್ಯ ಯಾರಿಗಿತ್ತು? ಅವಳು ಮುಂದಿನ ಕಿಟಕಿಯಿಂದ, ನಾನು ಹಿತ್ತಿಲ ಕಿಟಕಿಯಿಂದ ಕೂಗಿದೆವು. ಎರಡು ಕದದ ಮನೆಯ ಸಾವಂತ್ರಿ, ಹಸಿರು ಲಂಗ, ಎಡಗಾಲಿಗೆ ಕಪ್ಪು ದಾರ, ಕಂಡವರು ಹೇಳಿರಿ. ಎದುರು ಕಿಟಕಿಯಲ್ಲಿ ಅವತ್ತು ಗುರಪಾದಪ್ಪ ಎಂಬ ಹಿರಿಯರಿದ್ದರು, ದೊಡ್ಡ ರುಮಾಲಿನವರು. ಹುಡುಗಿ ಕಳೆದ ಸುದ್ದಿ ಎಂದು ತಿಳಿದದ್ದೇ ತಮ್ಮ ಮೂರೂ ಕಿಟಕಿಗೆ ಓಡಿ ದಾಟಿಸಿದರು. ಆಯುಷ್ಯ ಎಷ್ಟೆಂದು ಆ ಗಡಿಬಿಡಿಯಲ್ಲಿ ಅವರೂ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಹಿತ್ತಿಲ ಕಡೆಯಿಂದ ಒಂದು ಹೆಣ್ಣುದನಿ “ಸಾವಂತ್ರಿ” ಅಂದದ್ದು ಕೇಳಿಸಿತು. ದ್ರಾಕ್ಷಾಯಣಿ ಹಾರಿಬಿದ್ದು ಓಡಿದಳು. “ಸಿಕ್ಕಳೇನ್ರಿ? ಎಲ್ಲಿ ಅದಾಳ್ರಿ?” ಆಚೆಯವಳು ಹೇಳಿದಳು: ಎರಡು ಕದದ ಮನೆಯ ಸಾವಂತ್ರಿ, ಹಸಿರು ಲಂಗ, ಎಡಗಾಲಿಗೆ ಕಪ್ಪು ದಾರ. ಅವಳದೇ ಕೂಗು ಊರು ಸುತ್ತಿ ಅವಳ ಹಿತ್ತಿಲಿಗೇ ಬಂದಿತ್ತು. ಅದು ಮುಗಿಯುವುದರೊಳಗೆ ಮುಂದಿನ ಕಿಟಕಿಗೂ ಬಂತು. ಬಂದದ್ದನ್ನು ದಾಟಿಸಬೇಕಲ್ಲ, ದಾಟಿಸಿದೆವು. ದಾಟಿಸಿದ್ದು ಎರಡಾಗಿ ಬಂತು, ಎರಡು ನಾಲ್ಕಾಯಿತು. ಸಾಯದ ಸುದ್ದಿ ಮರಿ ಹಾಕುತ್ತಾ ಹೋಯಿತು. ಒಂದೊಂದು ಸಲ ಮಗಳ ಹೆಸರು ಕೇಳಿದಾಗಲೂ ದ್ರಾಕ್ಷಾಯಣಿಯ ಜೀವ ಬಾಯಿಗೆ ಬರುತ್ತಿತ್ತು, ಒಂದೊಂದು ಸಲವೂ ಅದು ಅವಳದೇ ಮಾತಾಗಿರುತ್ತಿತ್ತು.

ಬಿಸಿಲು ಎದುರು ಮನೆಯ ಗೋಡೆ ಹತ್ತುತ್ತಿತ್ತು. ಊರಿನಲ್ಲಿ ಇನ್ನಿಲ್ಲದಂತೆ ಗದ್ದಲವೆದ್ದಿತು. ತಮ್ಮ ತಮ್ಮ ಸುದ್ದಿಗೆ “ಮುಟ್ಟಿತು” ಬರಲಿಲ್ಲವೆಂದು ಬೇರೆಯವರೂ ಮತ್ತೆ ಮತ್ತೆ ಕೂಗತೊಡಗಿದರು. ಉಳ್ಳಾಗಡ್ಡಿಯ ರೇಟು, ಯಾರದೋ ತವರಿನ ಕ್ಷೇಮ, ಯಾರದೋ ಹಳೆ ಜಗಳ, ಎಲ್ಲದರ ಮೇಲೆ ಹಸಿರು ಲಂಗ, ಹಸಿರು ಲಂಗ, ಹಸಿರು ಲಂಗ.

“ಏನವ್ವ, ಇದನ್ನ ಆಯುಷ್ಯ ಇಲ್ಲದ ಬಿಟ್ಟೀರೇನು?” ಗುರಪಾದಪ್ಪನವರ ದನಿ ಒಡೆದು ಹೋಗಿತ್ತು. “ಈಗ ಇಪ್ಪತ್ತನೇ ಸಲ ದಾಟಸಾಕತ್ತೀನಿ! ನಡುವ ಮತ್ತೊಂದು ಮಾತು ತೂರಾಕ ಜಾಗ ಇಲ್ಲ!”

ಆಗಲೇ ಗುರಪಾದಪ್ಪ ತಮ್ಮ ಹಿಂದಿನ ಕಿಟಕಿಗೆ ಕಿವಿಗೊಟ್ಟವರು ಸರ್ರನೆ ಇತ್ತ ತಿರುಗಿದರು. “ತಡಿ, ತಡಿ. ಎರಡು ಕದದ ಮನಿಗೆ! ಮೂರನೇ ತುಂಡು. ಗಿಡದ ತುದಿಗೆ ಹತ್ತಿ ಕುಂತಾಳ, ಕರದಷ್ಟೂ ಮ್ಯಾಲ ಹೊಂಟಾಳ.”

“ಯಾವ ಗಿಡ? ಎಲ್ಲಿ? ಮೊದಲನೇ ತುಂಡು ಹೇಳ್ರಿ ಯಜ್ಜಾ!”

“ಮೊದಲನೇದು ಬಂದಿಲ್ಲವ್ವ. ಇದೊಂದ ಬಂದದ್ದು.”

ನಾನು ಹಿತ್ತಿಲಿಗೆ ಓಡಿದೆ. ಹಸಿರು ಲಂಗದ ಸಂತೆಯೊಳಗಿಂದ ಇನ್ನೊಂದು ತುಂಡನ್ನು ಹೇಗೋ ಹೆಕ್ಕಿ ತಂದೆ. ಐದನೇ ತುಂಡು, ಕಡೆಯದು: ಮನೀ ಮಾತು ಹೇಳಿದರ ಇಳೀತೀನಿ ಅಂತಾಳ, ದೀಪದ ಹೊತ್ತಾತು, ಲಗೂ ಕಳಸ್ರಿ.

ಯಾರ ಮನೆಯಿಂದ ಬಂದದ್ದು ಎಂಬುದು ಮೊದಲ ತುಂಡಿನಲ್ಲಿತ್ತು, ಅದು ಎಲ್ಲೋ ತುಳಿತಕ್ಕೆ ಸಿಕ್ಕಿ ಹೋಗಿತ್ತು. ಹುಡುಗಿ ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ. ಗುರುತಿಲ್ಲದವರು ಕರೆದರು, ಅವಳು ಕೈಗೆ ಸಿಗದ ಕಡೆ ಹತ್ತಿದಳು. ತಾಯಿ ಹೇಳಿಕೊಟ್ಟಂತೆಯೇ ನಡೆದಿದ್ದಳು. ಆ ಗಿಡ ನಿಂತದ್ದು ಓಣಿಯಲ್ಲಿ. ಓಣಿ ಎದ್ದರೆ ಗಿಡ ಓಣಿಯ ಜೊತೆ, ಹುಡುಗಿ ಗಿಡದ ಜೊತೆ.

“ಮನೀ ಮಾತು ಊರಿಗೆಲ್ಲ ಕೂಗಿಬಿಡು. ಗುಟ್ಟು ರಟ್ಟಾದ್ರ ಆಗಲಿ,” ಅಂದೆ.

“ಕೂಗಿದರ ದಾಟತೈತೇನ ಅಕ್ಕಾ? ಕೇಳು ಅದನ್ನ.” ಹೊರಗೆ ಅವಳ ಕೂಗೇ ನೂರು ಬಾಯಲ್ಲಿ ಮೊರೆಯುತ್ತಿತ್ತು. “ನನ್ನ ಸುದ್ದಿನ ನನಗ ಅಡ್ಡ ಬಿದ್ದೈತಿ.”

ಅವಳು ಕಿಟಕಿಯ ಕದವನ್ನು ನೋಡುತ್ತಾ ನಿಂತಳು. ಆಮೇಲೆ ಬಹಳ ಮೆಲ್ಲಗೆ, “ಕಿಡಕಿ ಮುಚ್ಚತೀನಿ,” ಅಂದಳು.

“ಬಿಡ್ತು ಅನ್ನು! ಕೂಸು ಜೀವಂತ ಐತಿ!”

“ಐತಿ ಅಂತನ ಮುಚ್ಚತೀನಿ. ಈ ಊರು ಬಾಯಿ ಮುಚ್ಚೂದು ಸತ್ತೋರಿಗೆ ಮಾತ್ರ.”

ಆರು ವರ್ಷ ಎಳೆಯದ ಕದ. ತಿರುಗಣಿ ತುಕ್ಕು ಹಿಡಿದಿತ್ತು, ಮೂಲೆಯಲ್ಲಿ ಜೇಡ ಮನೆ ಮಾಡಿತ್ತು. ಗಂಡನಿಗಾಗಿ ಮುಚ್ಚಲೊಲ್ಲೆನೆಂದು ಹಿರಿಯರೊಡನೆ ಹಟ ಹಿಡಿದವಳು ಬದುಕಿರುವ ಮಗಳಿಗಾಗಿ ಅದಕ್ಕೆ ಭುಜ ಕೊಟ್ಟಳು. ಕದ ಅಲುಗಲಿಲ್ಲ. ನಾನೂ ಕೈ ಹಚ್ಚಿದೆ. ಪಾಪ ಮಾಡುತ್ತಿದ್ದೇವೋ ಪುಣ್ಯ ಮಾಡುತ್ತಿದ್ದೇವೋ ನನಗೆ ತಿಳಿಯಲಿಲ್ಲ. ಕದ ಕಿರ್ರೆಂದು ಅರಚುತ್ತಾ ಬಂತು. ಮುಚ್ಚಿಕೊಳ್ಳುವ ಕೊನೆಯ ಸಂದಿಯಲ್ಲಿ ಗುರಪಾದಪ್ಪನವರ ಮುಖ ಕಂಡಿತು. ಕೂಗುತ್ತಿದ್ದ ಬಾಯಿ ಹಾಗೇ ನಿಂತಿತು. ಅವರು ತಲೆಯ ಮೇಲಿನ ರುಮಾಲು ತೆಗೆದು ಎದೆಗೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ತಮ್ಮ ಕಿಟಕಿ ಎಳೆದುಕೊಂಡರು.

ಹಿತ್ತಿಲ ಕಿಟಕಿಯನ್ನೂ ಮುಚ್ಚಿ ಕತ್ತಲಲ್ಲಿ ಕೂತೆವು. ಮೊದಮೊದಲು ಗದ್ದಲ ಹಾಗೇ ಇತ್ತು. ಆಮೇಲೆ ಹತ್ತಿರದ ದನಿಗಳು ನಿಂತವು, ಕದಗಳು ಒಂದರ ಹಿಂದೊಂದು ಟಪಟಪ ಮುಚ್ಚಿದ ಸದ್ದು ದೂರ ದೂರ ಸರಿಯಿತು. ದೂರದಲ್ಲೆಲ್ಲೋ ಒಬ್ಬಳು ಇನ್ನೂ “ಹಸಿರು ಲಂಗ” ಅನ್ನುತ್ತಿದ್ದಳು. ಕದದ ಸಂದಿಯಿಂದ ಬಿದ್ದ ಬಿಸಿಲಿನ ಗೆರೆ ಕೆಂಪಾಗುತ್ತಿತ್ತು. ದ್ರಾಕ್ಷಾಯಣಿಯ ಉಗುರು ನನ್ನ ಅಂಗೈಯಲ್ಲಿ ಊರಿತ್ತು.

“ತಗೀಲೇನ ಅಕ್ಕಾ?”

“ತಡಿ. ಇನ್ನೂ ಒಬ್ಬಾಕಿ ಕೂಗಾಕತ್ತಾಳ. ಒಂದು ಉಳದರೂ ಮತ್ತ ಹಡೀತೈತಿ.”

“ಹೊತ್ತು ಮುಣಗಾಕತ್ತೈತಿ.”

“ತಡಿ ಅಂದ್ನೆಲ್ಲ.”

ಇಷ್ಟು ಕಠಿಣವಾಗಿ ನಾನು ಯಾರೊಂದಿಗೂ ಮಾತಾಡಿದ್ದಿಲ್ಲ. ಬಿಸಿಲಿನ ಗೆರೆ ಗೋಡೆ ಬಿಟ್ಟು ಜಂತಿಗೆ ಏರಿತು. ದೂರದ ಆ ದನಿ ಮತ್ತೊಮ್ಮೆ “ಹಸಿರು” ಅಂದಿತು, “ಲಂಗ” ಅನ್ನಲಿಲ್ಲ. ಇಡೀ ಊರಿನಲ್ಲಿ ಒಂದು ಮಾತೂ ಉಳಿಯಲಿಲ್ಲ. ದ್ರಾಕ್ಷಾಯಣಿ ಎದ್ದು ಕದವನ್ನು ಜಗ್ಗಿ ತೆಗೆದಳು.

ಗುರಪಾದಪ್ಪ ಎದುರಿಗೇ ಬೋಳು ತಲೆಯಲ್ಲಿ ನಿಂತಿದ್ದರು. ಅವರ ಹಿಂದಿನ ಕಿಟಕಿಯಾಚೆ ಇನ್ನೊಂದು ಮುಖ, ಅದರಾಚೆ ಮತ್ತೊಂದು. ಎಲ್ಲರೂ ಅವಳ ಬಾಯನ್ನೇ ಕಾಯುತ್ತಿದ್ದರು.

“ಹೆಸರು ಹೇಳವ್ವ,” ಅಂದರು ಗುರಪಾದಪ್ಪ. ಕಣ್ಣು ತುಂಬಿತ್ತು. ಬೈದದ್ದಕ್ಕೆ ನೊಂದುಕೊಂಡಿದ್ದರು ಅಂತ ಕಾಣುತ್ತದೆ.

“ಎಲ್ಲಾರಿಗೂ. ಒಂದ ತುಂಡು.” ಅವಳ ದನಿ ನಡುಗಲಿಲ್ಲ. “ಅಪ್ಪ ಉಣ್ಣಾಕ ಕುಂತಾನ.”

ಗುರಪಾದಪ್ಪ ಹುಬ್ಬು ಗಂಟಿಕ್ಕಿದರು. “ಇದು ಹೆಸರಲ್ಲವ್ವ.”

“ಕೇಳಿದ್ದನ್ನ ಕೇಳಿದಂಗ ದಾಟಸ್ರಿ ಯಜ್ಜಾ. ನಿಮ್ಮ ಕಾಲಿಗೆ ಬೀಳತೀನಿ.”

ಆ ಹಿರಿಯರು ಹಿಂದಕ್ಕೆ ತಿರುಗಿ ಒಡೆದ ದನಿಯಲ್ಲಿ ಕೂಗಿದರು: ಅಪ್ಪ ಉಣ್ಣಾಕ ಕುಂತಾನ. ಅದೇ ಅವರ ಮನೀ ಮಾತು ಎಂದು ಹೊಳೆದು ನಾನೂ ಹಿತ್ತಿಲ ಕಿಟಕಿ ತೆಗೆದು ಕೂಗಿದೆ. ಸತ್ತವರ ಹೆಸರು ಹೋಗುವ ಹಾಗೆಯೇ ಅದು ಹೋಯಿತು, ಮನೆಗೊಂದೇ ಸಲ, ಗದ್ದಲವಿಲ್ಲದೆ. ಗಂಡುದನಿ, ಹೆಣ್ಣುದನಿ, ಮುದಿದನಿ, ಒಂದಾದ ಮೇಲೊಂದು ದೂರವಾಗುತ್ತಾ ಅದನ್ನೇ ಹೇಳಿದವು. ಪ್ರತಿ ಸಂಜೆ ಯಾಕೆ ಆ ತಾಟು ಇಡುತ್ತಿದ್ದಳೆಂದು ನನಗೆ ಆಗ ಪೂರ್ತಿ ತಿಳಿಯಿತು. ಅಪ್ಪ ಸತ್ತನೆಂದು ಅವಳು ಆ ಮಗುವಿಗೆ ಒಂದು ದಿನವೂ ಹೇಳಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಅಲ್ಲೇ ಕಿಟಕಿಯ ಸರಳು ಹಿಡಿದು ಅತ್ತೆ.

ಆಮೇಲೆ ಕಾಯುವುದೊಂದೇ ಉಳಿಯಿತು. ಓಣಿಯ ಧೂಳು ಒಂದು ಸಲ ಮೆಲ್ಲಗೆ ಮೇಲೆದ್ದು ಕೂತಿತು, ಏಳುವ ಮುಂಚೆ ಹಾಗಾಗುತ್ತದೆ. ಗುರಪಾದಪ್ಪನವರ ಮನೆಯಲ್ಲಿ ಯಾರೋ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಅವರು ಕೈಯೆತ್ತಿ ತಡೆದರು, ಅದರಿಂದ ಏನೂ ಆಗದೆಂದು ಗೊತ್ತಿದ್ದೂ ತಡೆದರು. ಅಷ್ಟರಲ್ಲಿ ಅವರ ಕಿವಿ ನಿಮಿರಿತು.

“ಎರಡು ಕದದ ಮನಿಗೆ. ಎರಡನೇ ತುಂಡು. ಈಗ ನನ್ನ ಮಡಲಾಗ ಅದಾಳ, ಕದ ಹಾಕೀವಿ.”

ದ್ರಾಕ್ಷಾಯಣಿ ಕಿಟಕಿಯ ಕೆಳಗೆ ಕುಸಿದು ಕೂತಳು. ಅದರ ಹಿಂದೆಯೇ ನನ್ನ ಕಡೆ ಮೊದಲ ತುಂಡು ಬಂತು: ಗಂಟಿ ಕಂಬದ ಮನಿ ಜೈತುನಬಿ ಹೇಳೂದು, ಮುಟ್ಟಿತು, ಮಾತು ಕೇಳಿದ್ದ ತಡ, ಸರಸರ ಇಳದು ಓಡಿ ಬಂದಳು. ನಾನು ಓಡಿ ಹೋಗಿ ಹೇಳಿದೆ. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು.

ಗುರಪಾದಪ್ಪ ಇನ್ನೂ ಕಿಟಕಿಯಲ್ಲೇ ಇದ್ದರು. “ಇನ್ನೊಂದೈತಿ,” ಅಂದರು. ದನಿ ತಗ್ಗಿತ್ತು. “ಮೂರನೇ ತುಂಡು, ಕಡೀದು. ಅಪ್ಪ ಎಲ್ಲಿ ಕುಂತಾನ ಅಂತ ಕೇಳಾಕತ್ತಾಳ, ಏನ್ ಹೇಳ್ಲಿ?”

ಊರು ಇನ್ನೂ ಸುಮ್ಮನಿತ್ತು. ಹಗಲಲ್ಲಿ ಕಿಟಕಿ ಮುಚ್ಚಿದ ಮನೆ ಒಂದು ಹೆಸರು ಹೇಳಲೇಬೇಕು, ಹೇಳುವವರೆಗೆ ಯಾರೂ ತಮ್ಮ ಮಾತು ಶುರು ಮಾಡುವಂತಿಲ್ಲ. ಗುರಪಾದಪ್ಪ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ರುಮಾಲನ್ನು ಮತ್ತೆ ತಲೆಗೂ ಇಟ್ಟುಕೊಳ್ಳಲಿಲ್ಲ.

ದ್ರಾಕ್ಷಾಯಣಿ ಗೋಡೆ ಹಿಡಿದು ಎದ್ದಳು. ಒಳಗೆ ಒಲೆಯ ಬದಿಗೆ ಬೋರಲು ಹಾಕಿದ್ದ ತಾಟನ್ನು ಒಮ್ಮೆ ತಿರುಗಿ ನೋಡಿದಳು. ಆಮೇಲೆ ಕಿಟಕಿಯ ಸರಳುಗಳಿಗೆ ಮುಖ ಹಚ್ಚಿ, ಗಂಟಿ ಕಂಬದ ಮನೆಗೂ ಇಡೀ ಊರಿಗೂ ಒಂದೇ ಉತ್ತರ ಕೊಟ್ಟಳು.

“ಅಡಿವೆಪ್ಪ,” ಅಂದಳು.

ಗುರಪಾದಪ್ಪ ತಲೆ ಬಾಗಿ ಹಿಂದಕ್ಕೆ ತಿರುಗಿದರು. ನಾನು ಹಿತ್ತಿಲ ಕಿಟಕಿಗೆ ಹೋಗಿ ಆ ಹೆಸರನ್ನು ಒಂದೇ ಒಂದು ಸಲ ದಾಟಿಸಿದೆ. ನಾನು ವಾಪಸ್ ಬರುವಷ್ಟರಲ್ಲಿ ಅವಳು ದೀಪ ಹಚ್ಚಿದ್ದಳು, ಗಡಿಗೆಯ ನೀರು ಅಲುಗುತ್ತಿತ್ತು.